ಮರಳುದಿಬ್ಬದಲ್ಲಿ ತೇವಾಂಶ ಮಾಪಕ: ಒಂದು ಬೇಸಿಗೆಯ ಬಳಕೆಯ ನಂತರ

ಒಣಹವೆಯ ಕರಾವಳಿಯ ಮರಳುದಿಬ್ಬಗಳಲ್ಲಿ ಬೆಳೆಯುವ ಗಿಡಗಳು ಯಾವ ಆಳದ ನೀರನ್ನು ನೆಚ್ಚಿಕೊಂಡಿವೆ ಎಂದು ತಿಳಿಯುವ ಆಸೆಯಿಂದ, ಮೂರು ಉಕ್ಕಿನ ಕಡ್ಡಿಗಳುಳ್ಳ ನಾಲ್ಕು ಸೆನ್ಸರ್‌ಗಳು ಅಂಕಿಗಳನ್ನು ದಾಖಲಿಸಿಡುವ ಒಂದೇ ಲಾಗರ್‌ಗೆ ಜೋಡಣೆಯಾಗುವ ಮಣ್ಣಿನ ತೇವಾಂಶ ಮಾಪಕವೊಂದನ್ನು ಕೊಂಡು ಇಡೀ ಬೇಸಿಗೆ ಬಳಸಿದ್ದೇನೆ. ಹೊಲ, ತೋಟಗಳ ಮಣ್ಣಿಗಾಗಿ ತಯಾರಾದ ಈ ಉಪಕರಣವನ್ನು ಮರಳಿನಲ್ಲಿ ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಅದರ ಕೈಪಿಡಿಯಲ್ಲಿ ಉತ್ತರವಿಲ್ಲ.

ಮೊದಲು ದೊಡ್ಡ ಕೊರತೆಯನ್ನೇ ಹೇಳುತ್ತೇನೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರದಲ್ಲಿ ವಸ್ತುವೊಂದು ಎಷ್ಟು ವಿದ್ಯುತ್ ಶಕ್ತಿಯನ್ನು ಹಿಡಿದಿಡಬಲ್ಲದು ಎಂಬುದರ ಅಳತೆ) ಸುಮಾರು 80, ಮರಳಿನ ಕಣಗಳದು 4ರಿಂದ 5, ಗಾಳಿಯದು 1. ಈ ಅಂತರವನ್ನು ಗ್ರಹಿಸಿ ಮಾಪಕವು ಮಣ್ಣಿನ ಒಟ್ಟು ಗಾತ್ರದಲ್ಲಿ ನೀರಿನ ಪಾಲೆಷ್ಟು ಎಂದು ಲೆಕ್ಕ ಹಾಕುತ್ತದೆ. ತತ್ತ್ವದಲ್ಲಿ ತಪ್ಪಿಲ್ಲ. ಆದರೆ ತಯಾರಕರು ಒಪ್ಪಿಕೊಂಡಿರುವ ದೋಷದ ಮಿತಿ 3 ಶೇಕಡಾಂಶ ಅತ್ತ ಅಥವಾ ಇತ್ತ. ತೋಟದ ಮಣ್ಣಿನಲ್ಲಿ ಇದು ಸಣ್ಣ ವ್ಯತ್ಯಾಸ. ದಿಬ್ಬದ ಮರಳಿನಲ್ಲಾದರೋ ಗಿಡ ಬಾಡುವ ಹಂತಕ್ಕೂ ಮರಳು ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ನೀರಿಗೂ ನಡುವೆ ಇರುವುದೇ ಐದಾರು ಶೇಕಡಾಂಶಗಳಷ್ಟು ಜಾಗ. ಅದರಲ್ಲಿ ಅರ್ಧ ದೋಷಕ್ಕೇ ಹೋದರೆ ಉಳಿಯುವ ಮಾಹಿತಿ ಬಹಳ ಕಡಿಮೆ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಗಾತ್ರ ಗೊತ್ತಿರುವ ಡಬ್ಬಿಯಲ್ಲಿ ಅದೇ ದಿಬ್ಬದ ಮರಳನ್ನು ತುಂಬಿ, ಮಾಪಕದ ಅಂಕಿಯನ್ನು ಬರೆದುಕೊಂಡು, ಮರಳನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿದರೆ ನಿಜವಾದ ನೀರಿನ ಪ್ರಮಾಣ ಸಿಗುತ್ತದೆ. ಬೇರೆ ಬೇರೆ ತೇವದಲ್ಲಿ ಹೀಗೆ ಹಲವು ಸಲ ಮಾಡಿ ನನ್ನದೇ ಸರಿಹೊಂದಿಕೆಯ ಗೆರೆ ಎಳೆದುಕೊಂಡ ಮೇಲೆ ಅಂಕಿಗಳು ನಂಬಿಕೆಗೆ ಬಂದವು. ಇಷ್ಟು ಶ್ರಮ ಬೇಡವೆನ್ನುವವರು ಇದನ್ನು ಮರಳಿಗಾಗಿ ಕೊಳ್ಳಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಜೊತೆಗೆ ಬರುವ ಆ್ಯಪ್ ಬೇಸಿಗೆಯುದ್ದಕ್ಕೂ ‘ತೀರಾ ಒಣಗಿದೆ’ ಎಂದು ಕೆಂಪು ಗುರುತು ತೋರಿಸುತ್ತಲೇ ಇತ್ತು, ಗಿಡಗಳು ಮಾತ್ರ ಹಸಿರಾಗಿಯೇ ಇದ್ದವು. ಜೇಡಿಮಣ್ಣಿನಲ್ಲಿ ಶೇ. 15ರಷ್ಟು ನೀರಿದ್ದರೂ ಅದು ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಬೇರಿಗೆ ಸಿಗದೆ ಹೋಗಬಹುದು, ಮರಳಿನಲ್ಲಿ ಶೇ. 5 ಇದ್ದರೆ ಅದರ ಬಹುಭಾಗವನ್ನು ಬೇರು ಸುಲಭವಾಗಿ ಹೀರಿಕೊಳ್ಳುತ್ತದೆ. ಆ್ಯಪ್ ಈ ಭೇದವನ್ನು ತಿಳಿಯದು. ಎಚ್ಚರಿಕೆಯ ಸೂಚನೆಗಳನ್ನು ಮೊದಲ ದಿನವೇ ನಿಲ್ಲಿಸಿಬಿಡುವುದು ಲೇಸು.

ಸೆನ್ಸರ್‌ಗಳನ್ನು 10, 30, 60 ಮತ್ತು 100 ಸೆಂ.ಮೀ. ಆಳದಲ್ಲಿ ಹೂತಿದ್ದೆ. ಮೇಲಿನದು ಬಹುತೇಕ ಸೊನ್ನೆಯನ್ನೇ ತೋರಿಸಿದರೆ, ಕೆಳಗಿನ ಎರಡು ವಾರಗಟ್ಟಲೆ ಹೆಚ್ಚು ಕದಲಲಿಲ್ಲ. ಇದು ಉಪಕರಣದ ಜಡತೆಯಲ್ಲ, ಮರಳಿನ ಗುಣ: ಮೇಲ್ಪದರ ಒಣಗಿದೊಡನೆ ಕಣಗಳ ನಡುವಿನ ನೀರಿನ ಎಳೆಗಳು ಕಡಿದುಹೋಗಿ, ಕೇಶಾಕರ್ಷಣೆಯಿಂದ ನೀರು ಮೇಲೇರುವುದು ನಿಲ್ಲುತ್ತದೆ, ಆ ಒಣ ಪದರವೇ ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಬೇರುಗಳು ಬದುಕುವುದು ಈ ಹೊದಿಕೆಯ ಕೆಳಗೆ. ಕೇಬಲ್ ಇನ್ನೊಂದು ಮೀಟರ್ ಉದ್ದವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಪ್ರತಿವಾರವೂ ಅನ್ನಿಸುತ್ತಿತ್ತು.

ಸಮುದ್ರದ ಬದಿಯ ತಗ್ಗಿನಲ್ಲಿ 100 ಸೆಂ.ಮೀ. ಆಳದ ಅಂಕಿ ಒಮ್ಮೆಲೇ ಏರಿದಾಗ ನೀರು ಸಿಕ್ಕಿತೆಂದು ಹಿಗ್ಗಿದ್ದೆ. ಅಗೆದು ವಾಹಕತೆ (ಉಪ್ಪು ಹೆಚ್ಚಿದಷ್ಟೂ ಏರುವ, ವಿದ್ಯುತ್ ಹರಿಯಗೊಡುವ ಗುಣ) ಅಳೆದಾಗ ತಿಳಿದದ್ದು, ಉಪ್ಪಿನಂಶವು ಮಾಪಕವನ್ನು ದಾರಿ ತಪ್ಪಿಸಿತ್ತು. ದಿಬ್ಬದ ಅಡಿಯಲ್ಲಿ ಸಿಹಿನೀರು ಹಗುರವಾದ ಕಾರಣ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಪ್ರತಿ 1 ಮೀಟರ್ ಮೇಲಿರುವ ಸಿಹಿನೀರಿಗೆ ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರಿರುತ್ತದೆ ಎಂಬುದು ಹಳೆಯ ಲೆಕ್ಕ. ದಡದ ಕಡೆಗೆ ಈ ಮಸೂರ ತೆಳುವಾಗುವುದರಿಂದ ಅಲ್ಲಿ ವಾಹಕತೆಯನ್ನೂ ಅಳೆಯುವ ಮಾದರಿಯೇ ಬೇಕು. ಈ ಮಾದರಿ ಅದನ್ನು ಅಳೆಯುವುದಿಲ್ಲ.

ಮಂಜಿನ ವಿಷಯದಲ್ಲಿ ಮಾಪಕ ನನ್ನನ್ನು ಸಂತೋಷಪಡಿಸಿತು. ನಮೀಬ್ ಮರುಭೂಮಿಯ ಸ್ಟಿಪಾಗ್ರೊಸ್ಟಿಸ್ ಸಬುಲಿಕೋಲಾ ಎಂಬ ಹುಲ್ಲು ಎಲೆಗಳ ಮೇಲೆ ಕೂತ ಮಂಜಿನ ಹನಿಗಳನ್ನು ಬುಡಕ್ಕೆ ಹರಿಸಿ, ಮೇಲುಮೇಲಿನ ಬೇರುಗಳಿಂದ ಕುಡಿಯುತ್ತದೆ. ಅಂಥದೇ ಕ್ರಿಯೆಯನ್ನು ಹುಡುಕಲು ಒಂದು ಸೆನ್ಸರನ್ನು ಹುಲ್ಲಿನ ಬುಡದಲ್ಲಿಯೂ ಇನ್ನೊಂದನ್ನು ಬರಿಮರಳಿನಲ್ಲಿಯೂ ಕೆಲವೇ ಸೆಂ.ಮೀ. ಆಳಕ್ಕೆ ಅಡ್ಡಲಾಗಿ ಇಟ್ಟಾಗ, ಮಂಜು ಕವಿದ ಮುಂಜಾನೆಗಳಲ್ಲಿ ಬುಡದ ಅಂಕಿ ಮಾತ್ರ ತುಸು ಏರಿ ಬಿಸಿಲೇರುತ್ತಲೇ ಇಳಿಯುವುದು ಕಂಡಿತು. ಎಲೆಗಳ ಮೂಲಕವೇ ಮಂಜನ್ನು ಹೀರುವ ಗಿಡಗಳ ವಿಷಯದಲ್ಲಿ ಮಾತ್ರ ಮಣ್ಣಿನಲ್ಲಿರುವ ಯಾವ ಸೆನ್ಸರೂ ನೆರವಾಗದು.

ನೀರಿನ ಬಳಕೆಯ ಬಗ್ಗೆಯೂ ಇದು ಮೌನ. ಮರಳುದಿಬ್ಬಗಳ ಮಾರಮ್ ಹುಲ್ಲು ಒಣಗಾಳಿಯಲ್ಲಿ ಎಲೆಯನ್ನು ಕೊಳವೆಯಂತೆ ಸುತ್ತಿ ಪತ್ರರಂಧ್ರಗಳನ್ನು (ಎಲೆಯ ಮೇಲಿನ ಸೂಕ್ಷ್ಮ ಉಸಿರಾಟದ ರಂಧ್ರಗಳನ್ನು) ಒಳಗೆ ಮುಚ್ಚಿಟ್ಟುಕೊಳ್ಳುವುದನ್ನಾಗಲಿ, ಐಸ್ ಪ್ಲಾಂಟ್ ಎಂಬ ರಸಭರಿತ ಎಲೆಗಳ ಗಿಡ ಬರ ಮತ್ತು ಉಪ್ಪು ಹೆಚ್ಚಾದಾಗ ಪತ್ರರಂಧ್ರಗಳನ್ನು ರಾತ್ರಿ ತೆರೆಯುವ ಪದ್ಧತಿಗೆ ಬದಲಾಗುವುದನ್ನಾಗಲಿ ಮರಳಿನ ಅಂಕಿಯಿಂದ ಊಹಿಸಲಾಗದು. ಅದಕ್ಕೆ ಎಲೆಯನ್ನೇ ಗಮನಿಸಬೇಕು; ಗಿಡಕ್ಕೆ ನೀರಿನ ಕೊರತೆ ಎಷ್ಟೆಂದು ತಿಳಿಯಲು ನಸುಕಿಗೆ ಮುಂಚೆ ಕಿತ್ತ ಕುಡಿಯನ್ನು ಒತ್ತಡದ ಕೋಣೆಯಲ್ಲಿಟ್ಟು (ಕುಡಿಯಿಂದ ನೀರು ಹೊರಬರಲು ಬೇಕಾದ ಒತ್ತಡವನ್ನು ತೋರಿಸುವ ಉಪಕರಣ) ಅಳೆಯಬೇಕು.

ಉಪಕರಣದ ರಚನೆ ಗಟ್ಟಿಯಾಗಿದೆ, ಕಡ್ಡಿಗಳು ತುಕ್ಕು ಹಿಡಿಯಲಿಲ್ಲ. ಕನೆಕ್ಟರ್‌ನೊಳಗೆ ಮರಳು ಸೇರಿ ಎರಡು ಬಾರಿ ದಾಖಲೆ ನಿಂತಿತು. ರಬ್ಬರ್ ಮುಚ್ಚಳವನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಯಿತು.

ಉಪಕರಣವನ್ನು ಹಿಂದಿರುಗಿಸದೆ ಇಟ್ಟುಕೊಂಡಿರುವುದಕ್ಕೆ ಬೇಸಿಗೆಯ ಕೊನೆಯ ಮಳೆಯೇ ಕಾರಣ. 10 ಮಿ.ಮೀ. ಮಳೆ ಒಣಮರಳಿನಲ್ಲಿ ಸುಮಾರು 14 ಸೆಂ.ಮೀ. ಇಳಿಯಬೇಕೆಂದು ಲೆಕ್ಕ ಹಾಕಿದ್ದೆ. ಜೇಡಿಮಣ್ಣಿನಲ್ಲಿ ಅಷ್ಟೇ ಮಳೆ ಮೇಲ್ಪದರದಲ್ಲೇ ಉಳಿದು ಬಿಸಿಲಿಗೆ ಆರಿಹೋಗುತ್ತದೆ. ಮಳೆ ಬಿದ್ದ ರಾತ್ರಿ 10 ಸೆಂ.ಮೀ.ನ ಗೆರೆ ಕಡಿದಾಗಿ ಏರಿತು, 30 ಸೆಂ.ಮೀ.ನದು ಕದಲಲಿಲ್ಲ, ಮತ್ತು ಮುಂದಿನ ದಿನಗಳಲ್ಲಿ ಹುಲ್ಲಿನ ಬೇರುಗಳು ಆ ತೇವವನ್ನು ಹಗಲು ಇಳಿಸುತ್ತಾ ರಾತ್ರಿ ತಡೆಯುತ್ತಾ ಮೆಟ್ಟಿಲು ಮೆಟ್ಟಿಲಾಗಿ ಖಾಲಿ ಮಾಡಿದ್ದು ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿತು.