ಬಸ್ಸು ಫ್ರೀ ಇದ್ದರೂ ಎಲೆಕ್ಟ್ರಿಕ್ ಸೈಕಲ್: ಮಾಚೇನಹಳ್ಳಿ ಶಿಫ್ಟಿಗೆ ಎರಡು ಮಳೆಗಾಲ ಓಡಿಸಿದ ಮೇಲೆ

ಬಸ್ಸು ಫ್ರೀ ಇರುವಾಗ ಸೈಕಲ್ಲಿಗೆ ಯಾಕೆ ದುಡ್ಡು ಸುರಿದೆ ಅಂತ ಮಾಚೇನಹಳ್ಳಿ ಫ್ಯಾಕ್ಟರಿಯ ನಮ್ಮ ಹೊಲಿಗೆ ಲೈನಿನಲ್ಲಿ ಕೂರುವವರೆಲ್ಲ ಕೇಳಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ನಾವು ಹೆಂಗಸರು ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ನಾನು ಹೊರಡುವ ಹೊತ್ತಿಗೆ ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಸಿಗೋದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯಲ್ಲ. ಯಾವ ಬಸ್ಸಾದರೂ ಇಳಿಸೋದು ಹೈವೇಯಲ್ಲೇ. ಅಲ್ಲಿಂದ ಫ್ಯಾಕ್ಟರಿ ಗೇಟಿನವರೆಗೆ ಲಾರಿಗಳ ಧೂಳು ಕುಡಿದುಕೊಂಡು ನಡೀಬೇಕು. ವಿದ್ಯಾನಗರದ ನಮ್ಮ ಮನೆ ಬಾಗಿಲಿಂದ ಗೇಟಿಗೆ ನೇರ ಮುಟ್ಟಿಸೋದು ಈ ಸೈಕಲ್ಲು ಮಾತ್ರ.

ಸ್ಕೂಟರಿನ ಕಂತು ನನ್ನ ಸಂಬಳಕ್ಕೆ ಭಾರ. ಈ ಸೈಕಲ್ಲು 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಗಾಡಿ, ಹಾಗಾಗಿ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ.

ಮನೆಗೆ ಬಂದವಳೇ ಬ್ಯಾಟರಿ ಬಿಚ್ಚಿ ಮಿಕ್ಸಿ ಪಕ್ಕದ ಪ್ಲಗ್ಗಿಗೆ ಹಾಕ್ತೀನಿ. ಅನ್ನಕ್ಕಿಟ್ಟು, ಸಾರು ಮಾಡಿ, ಎಲ್ಲರ ಊಟ ಮುಗಿದು ಕಟ್ಟೆ ಒರೆಸುವ ಹೊತ್ತಿಗೆ ಕೆಂಪು ದೀಪ ಹಸಿರಾಗಿರುತ್ತೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ, ಪೂರ್ತಿ ತುಂಬಲು ಅರ್ಧ ಯೂನಿಟ್ ಕರೆಂಟೂ ಬೇಡ. ಬೆಳಿಗ್ಗೆ ಬುಟ್ಟಿಯಲ್ಲಿ ಬುತ್ತಿ, ನೀರಿನ ಬಾಟಲಿ. ಮಲವಗೊಪ್ಪದವರೆಗೆ ತುಳಿದುಕೊಂಡೇ ಹೋಗ್ತೀನಿ, ಎದುರುಗಾಳಿ ಇದ್ದರೆ ಮೋಟರಿನ ನೆರವು, ಅಂದರೆ ಅಸಿಸ್ಟ್, 3ಕ್ಕೆ. ದಿನವಿಡೀ ಹೊಲಿಗೆ ಮಷೀನಿನ ಮುಂದೆ ಕೂತು ಮರಗಟ್ಟಿದ ಮಂಡಿ ವಾಪಸ್ ದಾರಿಯಲ್ಲಿ ಸಡಿಲವಾಗುತ್ತೆ. ಈ ಸುಖ ಮಾತ್ರ ನಾನು ಎಣಿಸಿರಲಿಲ್ಲ. ದಾರಿಯಲ್ಲಿ ಸೊಪ್ಪು ಕಂಡರೆ ನಿಲ್ಲಿಸಬಹುದು. ಬಸ್ಸಲ್ಲಿ ಅದೆಲ್ಲಿ ಆಗುತ್ತೆ?

ಇನ್ನು ಮಳೆ. ಆರಿದ್ರೆ ಹೇಗೋ ಕಳೀತು. ಪುನರ್ವಸು ಹಿಡಿದ ವಾರ ನಿದಿಗೆ ಹತ್ತಿರ ಮೋಟರ್ ಸತ್ತೇ ಹೋಯಿತು. ಬ್ಯಾಟರಿ ತುಂಬಾ ಇದೆ, ಡಿಸ್‌ಪ್ಲೇ ಉರೀತಿದೆ, ಗಾಡಿ ಮಾತ್ರ ಎಳೆಯಲ್ಲ. ಮಣಭಾರದ ಸೈಕಲ್ಲನ್ನು ಜರ್ಕಿನ್ ಹಾಕಿಕೊಂಡು ತುಳಿದು ಗೇಟು ಮುಟ್ಟುವಷ್ಟರಲ್ಲಿ ಪಂಚಿಂಗ್ ತಡವಾಗಿ ಅರ್ಧ ದಿನದ ಕೂಲಿ ಹೋಯಿತು. ಸೈಕಲ್ ಕಂಪನಿಗೆ ಫೋನ್ ಮಾಡಿದರೆ "ಮೇಡಂ, ಜೋರು ಮಳೆಯಲ್ಲಿ ಓಡಿಸಬೇಡಿ" ಅಂತಾರೆ. ಮಲೆನಾಡಿನ ಬಾಗಿಲಲ್ಲಿ ಕೂತವರಿಗೆ ಮಾರುವಾಗ ಈ ಮಾತು ಯಾಕೆ ಹೇಳಲಿಲ್ಲ? ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಕಾರಣ ಹಿಡಿದವರು ನಮ್ಮ ಬೀದಿಯ ಸೈಕಲ್ ಶಾಪಿನಣ್ಣ. ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಲಿ ಅಂತ ಹಿಡಿಕೆಯೊಳಗೆ ಒಂದು ಚಿಕ್ಕ ಸ್ವಿಚ್ ಇರುತ್ತೆ. ಅದಕ್ಕೆ ನೀರು ಇಳಿದರೆ ಬ್ರೇಕ್ ಹಿಡಿದೇ ಇದೆ ಅಂತ ಗಾಡಿ ತಿಳಿದುಕೊಳ್ಳುತ್ತೆ. ಹಿಡಿಕೆ ಬದಲಿಸಿ, ನೀರು ಹೋಗದ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ತೋಳು ಏರಿಸಿಕೊಟ್ಟರು. ಎರಡನೇ ಮಳೆಗಾಲ ಒಂದು ಸಲವೂ ಕೈಕೊಡಲಿಲ್ಲ. ಅಷ್ಟು ಸಣ್ಣ ಖರ್ಚಿನ ಕೆಲಸ ಕಂಪನಿಯವರೇ ಮಾಡಿ ಕೊಡಬಹುದಿತ್ತು.

ಬೇಸಿಗೆಗೆ ಐದಕ್ಕೆ ನಾಲ್ಕೂವರೆ ಅಂಕ, ಅಂಗಡಿಯಿಂದ ಬಂದ ಹಾಗೇ ಮಳೆಗಿಳಿಸಿದರೆ ಎರಡು. ರಾತ್ರಿ ಶಿಫ್ಟಿನವರಿಗೆ ನಾನು ತಗೊಳ್ಳಿ ಅನ್ನಲ್ಲ, ಕತ್ತಲಲ್ಲಿ ಲಾರಿಗಳು ಮೈ ಸವರಿಕೊಂಡೇ ಹೋಗ್ತವೆ. ಹಗಲು ಶಿಫ್ಟಿನವರು ಕೊಳ್ಳುವ ಮುಂಚೆ ಬ್ರೇಕ್ ಹಿಡಿಕೆಯ ವೈರು ಸೇರುವ ಜಾಗ ನೋಡಿ. ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಬರೀ ಟೇಪು ಸುತ್ತಿಕೊಂಡು ಕೂತಿದ್ದರೆ, ಬದಲಿಸಿ ಕೊಟ್ಟ ಮೇಲೇ ದುಡ್ಡು ಕೊಡಿ.