ಪೈಪ್ ಸೊಲ್ಯೂಷನ್ ಹಚ್ಚಿ ಮಾಡೆಲ್ ಕಿಟ್ ಕೆಡಿಸಿಕೊಳ್ಳಬೇಡಿ

ಕೋಲಾರದ ಕಡೆ ತೋಟ, ಬೋರ್‌ವೆಲ್ ಇರುವ ಮನೆಯಲ್ಲಿ ಪಿವಿಸಿ ಪೈಪಿಗೆ ಹಚ್ಚುವ ಸೊಲ್ಯೂಷನ್ ಡಬ್ಬಿ ಒಂದು ಮೂಲೆಯಲ್ಲಿ ಇದ್ದೇ ಇರುತ್ತೆ. ಅದೂ ಪ್ಲಾಸ್ಟಿಕ್ಕೇ, ಇದೂ ಪ್ಲಾಸ್ಟಿಕ್ಕೇ ಅಂತ 1/72 ಅಳತೆಯ (ನಿಜವಾದದ್ದರ 72ನೇ ಒಂದು ಪಾಲು) ಮಿಗ್-21 ಯುದ್ಧವಿಮಾನದ ಮಾಡೆಲ್ ಕಿಟ್ಟಿಗೆ ಅದನ್ನೇ ಹಚ್ಚಿದ್ದಾಯಿತು. ಸಂಜೆ ಜೋಡಣೆ ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ರೆಕ್ಕೆ ನಡುವೆ ಕಡಲೆಕಾಳು ಕೂರುವಷ್ಟು ಗುಳಿ, ತುದಿ ಸೊಟ್ಟ, ಮೇಲಿದ್ದ ಸಣ್ಣ ಗೆರೆಗಳೆಲ್ಲ ಮಾಯ.

ಕಿಟ್ಟಿನದು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್, ದಪ್ಪ ಸುಮಾರು ಒಂದು ಮಿಲಿಮೀಟರ್. ಪೈಪ್ ಸೊಲ್ಯೂಷನ್ನಿನ ದ್ರಾವಕ ಅದನ್ನು ಸಲೀಸಾಗಿ ಕರಗಿಸುತ್ತೆ. ಅಂಟು ಮಂದವಾಗಿರೋದರಿಂದ ದ್ರಾವಕ ಬೇಗ ಹಾರಿಹೋಗದೆ ರಾತ್ರಿಯಿಡೀ ತಿನ್ನುತ್ತಲೇ ಇರುತ್ತೆ.

ಅದೇ ಕಿಟ್ಟಿನ ಕಾಕ್‌ಪಿಟ್ (ಪೈಲಟ್ ಕೂರುವ ಜಾಗ) ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಗಾಜಿಗೆ ಹಚ್ಚಿದ್ದು ಕ್ವಿಕ್ ಗಮ್. ಒಳಗಿಂದ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಬೆರಳು ತಾಕಿದ್ದ ಕಡೆ ಗೆರೆಗೆರೆಯಾಗಿ ಮುದ್ರೆಯೇ ಎದ್ದು ಬಂತು. ಕ್ವಿಕ್ ಗಮ್ಮಿನಲ್ಲಿರುವ ಸಯನೋಅಕ್ರಿಲೇಟ್‌ನ ಆವಿ ತೇವ, ಬೆವರು ಸಿಕ್ಕಲ್ಲೆಲ್ಲ ಗಟ್ಟಿಯಾಗಿ ಕೂರುತ್ತೆ. ಪೊಲೀಸರು ಬೆರಳಚ್ಚು ಹಿಡಿಯೋದೂ ಇದೇ ಆವಿಯಿಂದ! ಹೊರಗಿನ ಮಬ್ಬನ್ನು ಪಾಲಿಶ್ ಮಾಡಬಹುದು, ಮುಚ್ಚಿಹೋದ ಒಳಮೈಗೆ ಕೈ ಹೋಗಲ್ಲ. ಗಾಜಿಗೆ ಬಿಳಿ ಫೆವಿಕಾಲ್ ಸಾಕು: ಕಡ್ಡಿ ತುದಿಯಲ್ಲಿ ತೆಳ್ಳಗೆ ಎಳೆದು, ಹೆಚ್ಚಾದದ್ದನ್ನು ಒದ್ದೆ ಬ್ರಷ್‌ನಿಂದ ತೆಗೆದರೆ ಒಣಗಿದ ಮೇಲೆ ಕಾಣಿಸಲ್ಲ.

ಉಳಿದ ಭಾಗಗಳಿಗೆ ಮಾಡೆಲ್‌ಗೆಂದೇ ಬರುವ ನೀರಿನಂಥ ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು) ತರಿಸಿಕೊಳ್ಳಿ, ಜಿಪುಣತನ ಬೇಡ. ಅಂಟುವ ಅಂಚಿನ ಬಣ್ಣ ಮೊದಲು ಕೆರೆದು ತೆಗೀರಿ. ಬಣ್ಣದ ಮೇಲೆ ಹಚ್ಚಿದರೆ ಅಂಟೋದು ಬಣ್ಣಕ್ಕೇ. ಎರಡು ಭಾಗ ಕೂಡಿಸಿ ಹಿಡಿದು, ಬ್ರಷ್ ತುದಿಯನ್ನು ಸಂದಿಗೆ ಒಂದು ಸಲ ತಾಕಿಸಿ. ಸಿಮೆಂಟ್ ತಾನೇ ಸಂದಿಯುದ್ದಕ್ಕೂ ಓಡುತ್ತೆ. ಬೆರಳು ಸಂದಿಯ ಮೇಲಿದ್ದರೆ ಅದರಡಿಗೂ ಓಡಿ ಮುದ್ರೆ ಒತ್ತುತ್ತೆ, ರಬ್ಬರ್ ಬ್ಯಾಂಡ್ ಅಡಿಗೂ ಅಷ್ಟೇ. ಹೊರಗೆ ಬಿದ್ದ ಹನಿಯನ್ನು ಒರೆಸಬೇಡಿ. ಒರೆಸಿದಷ್ಟೂ ಉಜ್ಜಿದ ಗಾಯ ದೊಡ್ಡದು. ಒಂದು ದಿನ ಬಿಟ್ಟು 600, ಆಮೇಲೆ 1000 ನಂಬರ್ ಉಜ್ಜುಕಾಗದದಲ್ಲಿ ನೀರು ಹಾಕಿ ಉಜ್ಜಿ. ಕಿಟಕಿ ತೆರೆದಿರಲಿ, ಸೊಳ್ಳೆಬತ್ತಿ, ದೀಪ ಪಕ್ಕದಲ್ಲಿ ಬೇಡ: ಆವಿಗೆ ಬೆಂಕಿ ಹತ್ತುತ್ತೆ.

ಲೋಹದ ಸಣ್ಣಪುಟ್ಟ ಭಾಗಕ್ಕೆ ಕ್ವಿಕ್ ಗಮ್ಮೇ ಬೇಕು. ಆದರೆ ಚೆಲ್ಲಿದಾಗ ಹತ್ತಿಯಿಂದಾಗಲಿ ಬನಿಯನ್ ಚೂರಿನಿಂದಾಗಲಿ ಒರೆಸಬೇಡಿ. ಹತ್ತಿಗೆ ತಾಕಿದ್ದೇ ಕಾದು ಹೊಗೆಯಾಡಿ ಬೆರಳು ಸುಡುತ್ತೆ.