ನೊಣದ ಬಾಟಲಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಹುಷಾರು

ಕಪ್ಪೆ, ಹಲ್ಲಿಗಳ ಆಹಾರಕ್ಕೆ ಅಂತ ಮನೆಯಲ್ಲೇ ಡ್ರಾಸೊಫಿಲ ನೊಣ ಸಾಕುವವರು ದಯವಿಟ್ಟು ಇದನ್ನು ಓದಿ. ಒಂದೇ ತಿಂಗಳಲ್ಲಿ ನನ್ನ 9 ಬಾಟಲಿ ನೊಣವೂ ಹಾಳಾಯಿತು. ಅದರ ಹಿಂದೆಯೇ 2 ಕಪ್ಪೆಮರಿಗಳು ಸತ್ತವು.

ನಾನು ಸಾಕುವುದು ಡಾರ್ಟ್ ಕಪ್ಪೆ, ಗಾಢ ಬಣ್ಣದ ಪುಟ್ಟ ಜಾತಿ. ಬಾಲ ಕರಗಿ ಆಗಷ್ಟೇ ನೀರಿನಿಂದ ಮೇಲೆ ಬಂದ 5 ಮರಿಗಳಿದ್ದವು. ಒಂದೊಂದೂ ಉಗುರಿನಷ್ಟು ದೊಡ್ಡದು, ಅಷ್ಟೇ. ಆ ಬಾಯಿಗೆ ದೊಡ್ಡ ಹುಳ ಹಿಡಿಸುವುದಿಲ್ಲ. ಕೊಳೆತ ಹಣ್ಣಿಗೆ ಮುತ್ತುವ ಈ ಪುಟ್ಟ ನೊಣವೇ ಬೇಕು, ಅದೂ ದಿನಾ ಬೇಕು.

ರೆಕ್ಕೆ ಮುರುಟಿದ, ಹಾರಲಾರದ ತಳಿ ತಂದಿದ್ದೆ. 25 ಡಿಗ್ರಿ ಶಾಖದಲ್ಲಿ ಮೊಟ್ಟೆ ನೊಣವಾಗಲು 10-12 ದಿನ ಸಾಕು. ಎಷ್ಟು ಸುಲಭ ಅಲ್ವಾ ಅನಿಸಿತ್ತು. ಎಲ್ಲ ಬಾಟಲಿಗಳನ್ನೂ ಒಂದೇ ಶೆಲ್ಫಿನಲ್ಲಿ ಒತ್ತೊತ್ತಾಗಿ ಇಟ್ಟೆ. ಹಳೇ ಬಾಟಲಿಯಲ್ಲಿ ಇನ್ನೂ ನೊಣ ಬರುತ್ತಿದೆಯಲ್ಲ, ಸುಮ್ನೆ ಯಾಕೆ ಎಸೆಯುವುದು ಅಂತ 2 ತಿಂಗಳು ಇಟ್ಟುಕೊಂಡೆ. ಹೊಸ ಬಾಟಲಿಗೂ ಅದೇ ನೊಣಗಳನ್ನು ಬಿಡುತ್ತಿದ್ದೆ. ಎಡವಿದ್ದು ಇಲ್ಲೇ.

ಮೊದಲು ಒಂದು ಬಾಟಲಿಯಲ್ಲಿ ನೊಣ ಕಡಿಮೆಯಾಯಿತು. ನೊಣದ ಊಟಕ್ಕೆ ಹಾಕುವ ಯೀಸ್ಟ್ ಸಾಲದೇನೋ ಅಂತ ಇನ್ನಷ್ಟು ಉದುರಿಸಿದೆ. ಆಮೇಲೆ ಪಕ್ಕದ ಬಾಟಲಿ, ಅದರ ಪಕ್ಕದ್ದು. ಒಂದು ರಾತ್ರಿ ಮೊಬೈಲ್ ಟಾರ್ಚ್ ಹಾಕಿ ಹತ್ತಿರದಿಂದ ನೋಡಿದೆ. ಮುಚ್ಚಳದ ಬಟ್ಟೆಯ ಸುತ್ತ ಹಿಟ್ಟು ಚೆಲ್ಲಿದ ಹಾಗೆ ತೆಳ್ಳಗೆ ಬಿಳಿ ಪುಡಿ. ಒರೆಸೋಣ ಅಂತ ಬೆರಳು ಚಾಚಿದಾಗ ಆ ಪುಡಿ ನಿಧಾನಕ್ಕೆ ಹರಿದಾಡುತ್ತಿತ್ತು. ಅಷ್ಟೂ ನುಸಿ, ಅಂದರೆ ರೆಕ್ಕೆಯಿಲ್ಲದ ಅತಿ ಸಣ್ಣ ಹುಳ (ಮೈಟ್)! ಮೈ ಜುಮ್ಮೆಂದಿತು.

ಈ ನುಸಿ ಹಿಟ್ಟು, ಧಾನ್ಯಗಳ ಜೊತೆಯೂ ಬರುತ್ತದೆ, ಬೇರೆಯವರಿಂದ ತಂದ ಬಾಟಲಿಯ ಜೊತೆಯೂ ಬರುತ್ತದೆ. ನೊಣದ ಮರಿಹುಳ ತಿನ್ನಬೇಕಾದ ಊಟವನ್ನು ಅದೇ ತಿಂದು ಮುಗಿಸುತ್ತದೆ. ಬಟ್ಟೆಯ ಸಂದಿನಲ್ಲಿ ನುಸುಳಿ ಪಕ್ಕದ ಬಾಟಲಿಗೆ ನಡೆದು ಹೋಗುತ್ತದೆ. ನೊಣದ ಮೈಗೆ ಅಂಟಿಕೊಂಡೂ ಹೋಗುತ್ತದೆ. ಅಂದರೆ ಪ್ರತಿ ಹೊಸ ಬಾಟಲಿಗೂ ನುಸಿಯನ್ನು ನನ್ನ ಕೈಯಾರೆ ಹಾಕಿದ್ದೆ.

ಹೊಸ ನೊಣ ತರಿಸುವಷ್ಟರಲ್ಲಿ 6 ದಿನ ಕಳೆಯಿತು. ಸಿಕ್ಕಿದ ನಾಲ್ಕೈದು ನೊಣಗಳನ್ನೇ ಹಂಚಿದೆ. ಚಿಕ್ಕ ಮರಿಗಳೆರಡರ ಸೊಂಟದ ಮೂಳೆ ಎದ್ದು ಕಾಣತೊಡಗಿತು. ಕಣ್ಣೆದುರಿಗೇ ನೊಣ ಓಡಾಡಿದರೂ ಕೊನೆಗೆ ತಲೆ ತಿರುಗಿಸಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಈಗ 30 ದಿನ ದಾಟಿದ ಬಾಟಲಿಯನ್ನು ಇಟ್ಟುಕೊಳ್ಳುವುದಿಲ್ಲ. ಫ್ರೀಜರಿನಲ್ಲಿಟ್ಟು ಒಳಗಿನದೆಲ್ಲ ಸತ್ತ ಮೇಲೆ ಎಸೆಯುತ್ತೇನೆ. ಹೊಸ ಬಾಟಲಿಗೆ, ಎಳೇ ಬಾಟಲಿಯಲ್ಲಿ ಮೊದಲು ಹೊರಬಂದ ನೊಣಗಳನ್ನೇ ಬಿಡುತ್ತೇನೆ. ತಟ್ಟೆಯಲ್ಲಿ ಸೋಪಿನ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಬಾಟಲಿ ಇಡುತ್ತೇನೆ. ನುಸಿ ನೀರು ದಾಟುವುದಿಲ್ಲ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಇಡುವುದನ್ನಂತೂ ಬಿಟ್ಟೇ ಬಿಟ್ಟೆ. 2 ಬಾಟಲಿ ಯಾವಾಗಲೂ ಬೇರೆ ಕೋಣೆಯಲ್ಲಿರುತ್ತವೆ.

ಇನ್ನೊಂದು ಮಾತು. ಹೊರಗಿನ ಹಾರುವ ಗಂಡು ನೊಣ ಒಂದು ಒಳಗೆ ಸೇರಿಕೊಂಡರೂ ಮುಂದಿನ ಪೀಳಿಗೆಯಲ್ಲಿ ಹಾರುವ ನೊಣಗಳು ಹುಟ್ಟುತ್ತವೆ. ಅಂಥ ಬಾಟಲಿಯಿಂದ ಮತ್ತೆ ತಳಿ ಮುಂದುವರಿಸಬೇಡಿ.

ನಿಮ್ಮ ಶೆಲ್ಫಿನಲ್ಲಿ ಹಳೇ ಬಾಟಲಿ ಇದ್ದರೆ ಇವತ್ತು ರಾತ್ರಿಯೇ ಟಾರ್ಚ್ ಹಿಡಿದು ಮುಚ್ಚಳದ ಅಂಚು ನೋಡಿ.